ಅಪ್ಪ-ಅಮ್ಮನ ಓದು, ಮಕ್ಕಳ ಲೆಕ್ಕ: ಬಿ.ಎಡ್ ಓದೋರಿಗೆ ಒಂದು ಟಿಪ್ಪಣಿ

ಪೋಷಕರ ಓದಿಗೂ ಮಕ್ಕಳ ಗಣಿತಕ್ಕೂ ಏನು ಸಂಬಂಧ ಅಂತ ಪರೀಕ್ಷೇಲಿ ಬಂದ್ರೆ ಎಷ್ಟೋ ಜನ "ತಂದೆತಾಯಿ ಜಾಸ್ತಿ ಓದಿದ್ರೆ ಮಕ್ಕಳು ಗಣಿತದಲ್ಲಿ ಮುಂದಿರ್ತಾರೆ" ಅಂತ ಒಂದು ಲೈನ್ ಬರೆದು ಮುಗಿಸ್ತಾರೆ. ಅಮೆರಿಕದ 1966ರ ಕೋಲ್ಮನ್ ವರದಿ (ಅಲ್ಲಿನ ಶಾಲೆಗಳ ಬಗ್ಗೆ ಸರ್ಕಾರ ಮಾಡಿಸಿದ ದೊಡ್ಡ ಸಮೀಕ್ಷೆ) ಕಾಲದಿಂದ್ಲೂ ಮನೆ ಹಿನ್ನೆಲೆಗೂ ಕಲಿಕೆಗೂ ಗಟ್ಟಿ ಸಂಬಂಧ ಇದೆ ಅಂತ ಗೊತ್ತು, ಸುಳ್ಳಲ್ಲ. ಆದ್ರೆ ಓದಿದೋರ ಮನೇಲಿ ದುಡ್ಡು, ಟ್ಯೂಷನ್ನು, ಪುಸ್ತಕ, ಒಳ್ಳೆ ಸ್ಕೂಲು ಎಲ್ಲಾ ಒಟ್ಟಿಗೇ ಇರುತ್ತಲ್ಲ, ಯಾವುದರಿಂದ ಏನಾಯ್ತು ಅಂತ ಬರೀ ಸಹಸಂಬಂಧ, ಅಂದ್ರೆ ಎರಡೂ ಒಟ್ಟಿಗೆ ಕಾಣಿಸ್ಕೊಳ್ಳೋದು, ಅದನ್ನ ನೋಡಿ ಹೇಳಕ್ಕಾಗಲ್ಲ.

ಅದಕ್ಕೇ ನಂಗೆ ತುಂಬಾ ಮುಖ್ಯ ಅನ್ಸೋದು ನಮ್ ದೇಶದ್ದೇ ಒಂದು ಪ್ರಯೋಗ. ಬ್ಯಾನರ್ಜಿ, ಬೆರ್ರಿ, ಶಾಟ್‌ಲ್ಯಾಂಡ್ ಅನ್ನೋ ಮೂವರು ಸಂಶೋಧಕರು ಸೇರಿ ಬಿಹಾರ, ರಾಜಸ್ಥಾನದ ಹಳ್ಳಿಗಳಲ್ಲಿ ಮಾಡಿ 2017ರಲ್ಲಿ ಪ್ರಕಟಿಸಿದ್ದು. ಚೀಟಿ ಎತ್ತಿದ ಹಾಗೆ ಹಳ್ಳಿಗಳನ್ನ ಹಂಚಿ, ಕೆಲವು ಕಡೆ ಅಮ್ಮಂದಿರಿಗೇ ಅಕ್ಷರ-ಲೆಕ್ಕದ ಕ್ಲಾಸು, ಕೆಲವು ಕಡೆ ಮಕ್ಕಳ ಜೊತೆ ಮನೇಲಿ ಏನ್ ಮಾಡ್ಬೋದು ಅಂತ ತರಬೇತಿ, ಇನ್ನು ಕೆಲವು ಕಡೆ ಎರಡೂ, ಉಳಿದ ಕಡೆ ಏನೂ ಇಲ್ಲ. ಮೂರು ಗುಂಪಲ್ಲೂ ಮಕ್ಕಳ ಗಣಿತದ ಅಂಕ ಏರ್ತು. ಏರಿಕೆ ಸಣ್ಣದೇ, ಪರೀಕ್ಷೇಲಿ ಇದನ್ನ ದೊಡ್ಡದು ಮಾಡಿ ಬರೀಬೇಡಿ. ಆದ್ರೂ ನೋಡಿ, ಮಕ್ಕಳಾದ್ಮೇಲೂ ಅಮ್ಮ ಕಲಿತ್ರೆ, ಮಗು ಪಕ್ಕ ಕೂತ್ರೆ, ಅದು ಮಗುವಿನ ಲೆಕ್ಕಕ್ಕೆ ತಲುಪುತ್ತೆ. ಡಿಗ್ರಿ ಬೇಕಿಲ್ಲ.

ಹಾಗಂತ ಪಕ್ಕ ಕೂತ್ರೆ ಸಾಕು ಅಂತಾನೂ ಅಲ್ಲ. ಮಲೋನಿ ಮತ್ತು ಜೊತೆಗಾರರು 2015ರಲ್ಲಿ ಅಮೆರಿಕದ ಒಂದು, ಎರಡನೇ ಕ್ಲಾಸಿನ ಮಕ್ಕಳಲ್ಲಿ ಕಂಡಿದ್ದೇನು ಅಂದ್ರೆ, ಗಣಿತ ಅಂದ್ರೆ ಭಯ ಇರೋ ಪೋಷಕರು ಪದೇಪದೇ ಹೋಮ್‌ವರ್ಕ್ ಮಾಡಿಸಿದ್ರೆ ಆ ಮಕ್ಕಳು ಆ ವರ್ಷ ಕಮ್ಮಿ ಗಣಿತ ಕಲೀತಾರೆ, ಭಯಾನೂ ಜಾಸ್ತಿ ಆಗುತ್ತೆ. ನನ್ನ ಊಹೆ, 52ರಲ್ಲಿ 27 ಕಳೀವಾಗ ಸ್ಕೂಲಲ್ಲಿ ಒಂದು ಹತ್ತನ್ನ ಬಿಡಿಸಿ ಹತ್ತು ಬಿಡಿ ಮಾಡ್ಕೊಂಡಿರ್ತಾರೆ, ಮನೇಲಿ ಅಪ್ಪ "ಪಕ್ಕದಿಂದ ಸಾಲ ತಗೋ, ಅಷ್ಟೂ ಗೊತ್ತಾಗಲ್ವಾ" ಅಂತ ರೇಗ್ತಾರೆ, ಮಗು ಎರಡೂ ವಿಧಾನ ಬಿಟ್ಟು ಸುಮ್ನಾಗುತ್ತೆ.

ಪುಟ್ಟ ಮಕ್ಕಳ ವಿಷಯಕ್ಕೆ ಗುಂಡರ್‌ಸನ್, ಲೆವಿನ್ ಅವರ 2011ರ ಅಧ್ಯಯನಾನೂ ಸೇರಿಸ್ಕೊಳ್ಳಿ: ಕಣ್ಮುಂದೆ ಇರೋ ವಸ್ತು ಎಣಿಸ್ತಾ ಮಾತಾಡೋದಕ್ಕೂ ಮುಂದೆ ಮಗುವಿಗೆ ಬರೋ ಸಂಖ್ಯಾಜ್ಞಾನಕ್ಕೂ ನಂಟಿದೆ. ಬಾಯಿಪಾಠಕ್ಕೆ "ಒಂದು ಎರಡು ಮೂರು" ಅನ್ನಿಸೋದಕ್ಕಿಂತ ತಟ್ಟೇಲಿರೋ ಇಡ್ಲಿ ಎಣಿಸೋದೇ ಮೇಲು.

ಆದ್ರಿಂದ ನಾಳೆ ನಾವು ಟೀಚರ್ ಆದ್ಮೇಲೆ ಪೋಷಕರ ಸಭೇಲಿ "ಮನೇಲಿ ಸ್ವಲ್ಪ ಹೇಳ್ಕೊಡಿ" ಅಂತ ಕಳಿಸಿಬಿಡೋದು ಬೇಡ, ಹುಣಸೆಬೀಜದಲ್ಲಿ ಹತ್ತತ್ತರ ಗುಂಪು ಮಾಡಿಸೋದು ಹೇಗೆ ಅಂತ ಅಮ್ಮನ ಕೈಲೇ ಅಲ್ಲೇ ಒಂದ್ಸಲ ಮಾಡಿಸಿ ಕಳ್ಸೋಣ.