ಎಂಟನೇ ದಿನಕ್ಕೆ ದೊಡ್ಡ ಸೈನ್ಯ ಹೇಗೆ?

ಪ್ರಶ್ನೆ: ಸರ್, ರಜೆಯಲ್ಲಿ ನಾನು, ನಮ್ಮ ಕಾಕಾನ ಮಗ ಒಂದೇ ಕಂಪ್ಯೂಟರಿನಲ್ಲಿ ಸರದಿ ಪ್ರಕಾರ ‘ಹೀರೋಸ್ ಆಫ್ ಮೈಟ್ ಆ್ಯಂಡ್ ಮ್ಯಾಜಿಕ್ 3’ ಆಡುತ್ತೇವೆ. ದುಡ್ಡು ಬಂದ ಹಾಗೆಲ್ಲ ಸೈನಿಕರನ್ನೇ ಕೊಳ್ಳುತ್ತೇನೆ. ಆದರೂ ಎರಡನೇ ವಾರದಲ್ಲಿ ಅವನ ಸೈನ್ಯ ನನ್ನದರ ಎರಡರಷ್ಟು ಇರುತ್ತದೆ. ಯಾಕೆ? (ಶಹಾಪುರದ ಓದುಗರು)

ಉತ್ತರ: ದುಡ್ಡು ಬಂದ ಹಾಗೆಲ್ಲ ಕೊಳ್ಳುವುದೇ ಕಾರಣ. ಈ ಆಟದಲ್ಲಿ ಕೊಳ್ಳದೆ ಬಿಟ್ಟ ಸೈನಿಕರು ಎಲ್ಲಿಗೂ ಹೋಗುವುದಿಲ್ಲ. ಕಣಜದಲ್ಲಿಟ್ಟ ತೊಗರಿಯ ಹಾಗೆ ಪಟ್ಟಣದಲ್ಲೇ ಇರುತ್ತಾರೆ. ಮುಂದಿನ ವಾರದವರು ಬಂದು ಅವರ ಜೊತೆ ಸೇರುತ್ತಾರೆ. ಹಾಗಾಗಿ ಮೊದಲ ವಾರದ ದುಡ್ಡು ಕಟ್ಟಡಗಳಿಗೆ ಹೋಗಬೇಕು.

ಯಾವ ಕಟ್ಟಡ? ಇಲ್ಲೇ ಬಹಳ ಜನ ಎಡವುತ್ತಾರೆ. ಕಲಬುರಗಿ ಕೋಟೆ ನೋಡುತ್ತಾ ಬೆಳೆದ ನಮಗೆ ಕೋಟೆ ಅಂದರೆ ಗೋಡೆ, ಬುರುಜು, ಕಂದಕ. ಶತ್ರು ಬಂದಾಗ ನೋಡಿಕೊಂಡರಾಯಿತು ಅನ್ನಿಸುತ್ತದೆ. ಆಟದಲ್ಲಿ ಕೋಟೆಗೆ ಇನ್ನೊಂದು ಕೆಲಸ ಇದೆ, ನನ್ನ ಪ್ರಕಾರ ಅದೇ ದೊಡ್ಡದು. ಕೋಟೆಯ ಮುಂದಿನ ಹಂತವಾದ ಸಿಟಾಡೆಲ್ ಕಟ್ಟಿದರೆ ವಾರದ ಸೈನಿಕರ ಬೆಳವಣಿಗೆ ಅರ್ಧಪಟ್ಟು ಜಾಸ್ತಿ ಆಗುತ್ತದೆ. ಅದರ ಮೇಲೆ ಕ್ಯಾಸಲ್ ಕಟ್ಟಿದರೆ ಪೂರ್ತಿ ಎರಡು ಪಟ್ಟು. ಸಿಟಾಡೆಲ್‌ಗೆ 2500 ಗೋಲ್ಡ್, ಕ್ಯಾಸಲ್‌ಗೆ 5000. ಮರ, ಕಲ್ಲು ಬೇರೆ ಬೇಕು. ಅದಕ್ಕೇ ಹತ್ತಿರದ ಮರದ ಮಿಲ್ಲು, ಕಲ್ಲಿನ ಗಣಿಯನ್ನು ಮೊದಲ ಎರಡು ಮೂರು ದಿನದಲ್ಲೇ ಹಿಡಿದುಬಿಡಿ.

ಬೆಳವಣಿಗೆ ಬರುವುದು ವಾರದ ಮೊದಲ ದಿನ ಮಾತ್ರ. ಏಳನೇ ದಿನದೊಳಗೆ ಕ್ಯಾಸಲ್ ಮುಗಿದಿರಬೇಕು. ಎಂಟನೇ ದಿನ ಕಟ್ಟಿದರೆ ಆ ಲಾಭಕ್ಕೆ ಇನ್ನೊಂದು ವಾರ ಕಾಯಬೇಕು. ಸೈನಿಕರ ಮನೆಗಳದ್ದೂ ಇದೇ ಲೆಕ್ಕ. ಮನೆ ಕಟ್ಟಿದ ಕೂಡಲೇ ಒಂದು ವಾರದ ಸೈನಿಕರು ಸಿಗುತ್ತಾರೆ. ಅದನ್ನು ಏಳನೇ ದಿನ ಕಟ್ಟಿದರೆ ಮರುದಿನವೇ ಇನ್ನೊಂದು ಕಂತು ಬರುತ್ತದೆ!

ಮನುಷ್ಯರ ಪಟ್ಟಣವನ್ನೇ ತೆಗೆದುಕೊಳ್ಳಿ. ಆರ್ಚರ್‌ಗಳು, ಅಂದರೆ ಬಿಲ್ಲುಗಾರರು, ವಾರಕ್ಕೆ 9. ಮೊದಲ ವಾರದ 9 ಜನರನ್ನು ಮುಟ್ಟದೆ ಬಿಟ್ಟು, ಕ್ಯಾಸಲ್ ಮುಗಿಸಿದರೆ ಎಂಟನೇ ದಿನ 18 ಜನ ಸೇರಿ 27 ಆಗುತ್ತಾರೆ. ಪೈಕ್‌ಮನ್‌ಗಳು, ಅಂದರೆ ಈಟಿಗಾರರು, 14ರ ಜೊತೆ 28 ಸೇರಿ 42. ಆರ್ಚರ್‌ಗೆ ತಲಾ 100, ಪೈಕ್‌ಮನ್‌ಗೆ 60. ಅಂದರೆ ಆ ದಿನ ಕೈಯಲ್ಲಿ 5220 ಗೋಲ್ಡ್ ಇರಲೇಬೇಕು. ಇದನ್ನು ಮರೆತು ಎಲ್ಲ ದುಡ್ಡನ್ನೂ ಕಟ್ಟಡಕ್ಕೆ ಸುರಿದರೆ ಸುಮ್ನೆ ನೋಡುತ್ತಾ ಕೂರಬೇಕಾಗುತ್ತದೆ. ಮೊದಲ ದಿನವೇ ಟೌನ್ ಹಾಲ್ ಕಟ್ಟಿ. 2500 ಹಾಕಿದರೆ ದಿನದ ಆದಾಯ 500ರಿಂದ 1000ಕ್ಕೆ ಏರುತ್ತದೆ, ಐದು ದಿನದಲ್ಲಿ ಹಾಕಿದ್ದು ವಾಪಸ್.

ಎದುರಾಳಿ ತೀರಾ ಹತ್ತಿರ ಇದ್ದರೆ ಮಾತ್ರ ಸೈನಿಕರನ್ನು ಪಟ್ಟಣದಲ್ಲೇ ಬಿಡಬೇಡಿ. ಪಟ್ಟಣ ಹೋದರೆ ಅವರೂ ಅವನ ಪಾಲು.

ಇನ್ನೊಂದು ಖರ್ಚನ್ನು ನಾನು ಯಾವಾಗಲೂ ಮಾಡುತ್ತೇನೆ. ಮೊದಲ ದಿನವೇ ಹೀರೋಗಳು ಸಿಗುವ ಟ್ಯಾವರ್ನ್‌ನಿಂದ ಎರಡನೇ ಹೀರೋ, ಅಂದರೆ ಸೈನ್ಯ ನಡೆಸುವ ಇನ್ನೊಬ್ಬ ನಾಯಕ. ಬೆಲೆ 2500. ಅವನು ಬರಿಗೈಯಲ್ಲಿ ಬರುವುದಿಲ್ಲ, ತನ್ನ ದಂಡು ತರುತ್ತಾನೆ. ಒಬ್ಬನನ್ನು ಉಳಿಸಿಕೊಂಡು ಉಳಿದವರನ್ನೆಲ್ಲ ಮುಖ್ಯ ಹೀರೋಗೆ ಕೊಡಿ. ಆಮೇಲೆ ದಾರಿಯಲ್ಲಿ ಬಿದ್ದ ಮರ, ಕಲ್ಲು, ಪೆಟ್ಟಿಗೆಗಳನ್ನು ಆರಿಸುವುದು ಅವನ ಕೆಲಸ. ಮೊದಲ ವಾರ ಅವನು ತೆರೆದ ಪೆಟ್ಟಿಗೆಯಿಂದ ಅನುಭವದ ಬದಲು ಗೋಲ್ಡ್ ತೆಗೆದುಕೊಳ್ಳಿ. ಅನುಭವ ಬೇಕಾಗಿರುವುದು ಮುಖ್ಯ ಹೀರೋಗೆ, ಅಲ್ವಾ?

ಕೊನೆಗೆ, ಇದ್ದವರನ್ನು ಉಳಿಸಿಕೊಳ್ಳುವ ಮಾತು. ಸೈನ್ಯಕ್ಕೆ 7 ಜಾಗ ಇವೆ. ಖಾಲಿ ಜಾಗಗಳಲ್ಲಿ ಒಬ್ಬೊಬ್ಬ ಪೈಕ್‌ಮನ್‌ನನ್ನು ಬಿಡಿಸಿ ಇಡಿ. ಸಾಮಾನ್ಯವಾಗಿ ಶತ್ರುವಿನ ಒಂದು ಗುಂಪು ಒಂದು ಸುತ್ತಿನಲ್ಲಿ ಒಮ್ಮೆ ಮಾತ್ರ ತಿರುಗಿ ಹೊಡೆಯುತ್ತದೆ. ಮೊದಲು ಆ ಒಬ್ಬ ಹೋಗಿ ಹೊಡೆಯಲಿ, ತಿರುಗೇಟು ಅವನಿಗೇ ಬೀಳುತ್ತದೆ. ನಿಮ್ಮ ದೊಡ್ಡ ಗುಂಪು ಅವನ ಹಿಂದೆ ಹೋಗಲಿ. ಕಾಕಾನ ಮಗ ಇದನ್ನು ಮಾಡುತ್ತಾನಾ ಅಂತ ಮುಂದಿನ ಆಟದಲ್ಲಿ ಗಮನಿಸಿ.