ಕಲಬುರಗಿ–ಬೀದರ್ ಲಾಡ್ಜ್‌ಗಳು: ಕಟ್ಟಡ ಎದ್ದವು, ಕೆಲಸ ಕಲಿಸಲಿಲ್ಲ

ಹದಿನೈದನೇ ಶತಮಾನದಲ್ಲಿ ಬೀದರಿಗೆ ಬಂದಿದ್ದ ರಷ್ಯಾದ ವ್ಯಾಪಾರಿ ಅಫನಾಸಿ ನಿಕಿತಿನ್, ಹಿಂದೂಸ್ತಾನದಲ್ಲಿ ಪರದೇಶಿ ವರ್ತಕರು ಛತ್ರಗಳಲ್ಲಿ ಇಳಿಯುತ್ತಾರೆ, ಹೆಂಗಸರೇ ಅಡುಗೆ ಮಾಡಿ ಹಾಸಿಗೆ ಹಾಸುತ್ತಾರೆ ಎಂದು ಬರೆದಿದ್ದಾನೆ. ಆಮೇಲೆ ಈ ಭಾಗಕ್ಕೆ ಬಂದವರಲ್ಲಿ ಯಾತ್ರಿಕರೇ ಬಹಳ. ಖ್ವಾಜಾ ಬಂದೇನವಾಜರ ಉರುಸು, ಶರಣಬಸವೇಶ್ವರ ಜಾತ್ರೆ, ಗಾಣಗಾಪುರದ ದತ್ತ ದರ್ಶನ, ಬೀದರಿನ ನಾನಕ್ ಝೀರಾ ಗುರುದ್ವಾರ. ಊಟಕ್ಕೆ ದಾಸೋಹ, ಲಂಗರ್, ಮಲಗಲು ಧರ್ಮಶಾಲೆ. ತಲೆ ಊರಲು ಜಾಗ ಸಿಕ್ಕರೆ ಸಾಕು ಎನ್ನುವವರು ಚಾದರ ಮಾಸಿದೆ ಎಂದು ತಕರಾರು ತೆಗೆಯುವುದಿಲ್ಲ. ಬಸ್ ನಿಲ್ದಾಣದ ಸುತ್ತಲಿನ ಲಾಡ್ಜ್‌ಗಳೂ ಅದೇ ನಂಬಿಕೆಯ ಮೇಲೆ ನಡೆದವು.

2019ರ ನವೆಂಬರಿನಲ್ಲಿ ಕಲಬುರಗಿಗೆ, 2020ರ ಫೆಬ್ರುವರಿಯಲ್ಲಿ ಬೀದರಿಗೆ ಪ್ರಯಾಣಿಕ ವಿಮಾನ ಬಂತು. ಕೇಳುವ ಅತಿಥಿ ಬಂದ. ಉತ್ತರಿಸುವ ಸಿಬ್ಬಂದಿ ತಯಾರಿರಲಿಲ್ಲ. ಹೋಟೆಲುಗಳ ಗುಣಮಟ್ಟ ಅಳೆದು ಕೇಂದ್ರ ಸರ್ಕಾರ ಕೊಡುವ ತಾರಾ ದರ್ಜೆ ಅರ್ಜಿ ಹಾಕಿದವರಿಗೆ ಮಾತ್ರ. ಸಣ್ಣ ಲಾಡ್ಜ್ ಆ ಕಡೆ ತಿರುಗಿಯೂ ನೋಡುವುದಿಲ್ಲ. 2009–10ರಲ್ಲಿ ಶುರುವಾದ 'ಹುನರ್ ಸೇ ರೋಜ್‌ಗಾರ್ ತಕ್' ಯೋಜನೆ ಎಂಟನೇ ತರಗತಿ ಓದಿದವರಿಗೂ ಕೆಲವೇ ವಾರಗಳಲ್ಲಿ ಅಡುಗೆ, ಬಡಿಸುವ ಕೆಲಸ ಕಲಿಸುವಂಥದ್ದು. ಆದರೆ ಕಲಿತವರಿಗೆ ಸಂಬಳ ಏರಿಸದಿದ್ದರೆ ಹೈದರಾಬಾದ್ ದೂರವೇನಲ್ಲ.

ಕಲಿಕೆ ಇಲ್ಲದ್ದು ನೆಲದ ಮೇಲೇ ಕಾಣುತ್ತದೆ. ಇಲ್ಲಿ ಎಲ್ಲೆಡೆ ಶಹಾಬಾದ್ ಪರಸಿ, ಅಂದರೆ ನೆಲಕ್ಕೆ ಹಾಸುವ ಚಪ್ಪಡಿ ಕಲ್ಲು. ಅದು ಸುಣ್ಣದ ಕಲ್ಲು. ಸಂಡಾಸು ತೊಳೆಯುವ ಆಸಿಡ್ಡನ್ನೇ ರೂಂ ಬಾಯ್ ನೆಲಕ್ಕೂ ಸುರಿದರೆ ನೊರೆ ಏಳುತ್ತದೆ; ಕೊಳೆ ಬಿಡುತ್ತಿದೆ ಎಂದುಕೊಳ್ಳುತ್ತಾನೆ. ಕರಗುತ್ತಿರುವುದು ಕಲ್ಲೇ. ಹೊಳಪು ಹೋಗಿ ಮೈ ತರಿಯಾಗುತ್ತದೆ, ತರಿಯಲ್ಲಿ ಮಣ್ಣು ಕೂರುತ್ತದೆ, ಮರುವಾರ ಇನ್ನಷ್ಟು ಆಸಿಡ್ ಬೀಳುತ್ತದೆ. ಬೇಕಿರುವುದು ಕ್ಷಾರವೂ ಆಮ್ಲವೂ ಅಲ್ಲದ (ನ್ಯೂಟ್ರಲ್) ಸೋಪಿನ ನೀರು, ಆಮೇಲೆ ಬರೀ ನೀರಿನ ಒರೆಸು. ಅದೇ ಆಸಿಡ್ ಬ್ಲೀಚಿಂಗ್ ಪುಡಿಗೆ ತಾಗಿದರೆ ಕ್ಲೋರಿನ್ ಅನಿಲ ಏಳುತ್ತದೆ. ಕಿಟಕಿ ಇಲ್ಲದ ಬಚ್ಚಲಿನಲ್ಲಿ ಅದು ಜೀವಕ್ಕೇ ಅಪಾಯ. ಮೊದಲ ದಿನವೇ ಹೇಳಿಕೊಡಬೇಕಾದ ಮಾತಿದು.

ಉಳಿದದ್ದು ಕ್ರಮದ ವಿಚಾರ. ಮೊದಲು ಹಾಸಿಗೆ ಬಿಚ್ಚಬೇಕು, ಧೂಳನ್ನು ಮೇಲಿನಿಂದ ಕೆಳಕ್ಕೆ ಹೊಡೆಯಬೇಕು, ಬಚ್ಚಲು ತೊಳೆಯಬೇಕು, ನೆಲವನ್ನು ಒಳಮೂಲೆಯಿಂದ ಬಾಗಿಲ ಕಡೆಗೆ ಕೊನೆಗೆ ಒರೆಸಬೇಕು. ಸಂಡಾಸಿನ ಬಟ್ಟೆಗೆ ಬಣ್ಣವೇ ಬೇರೆ ಇರಲಿ. ಇಲ್ಲದಿದ್ದರೆ ಅದೇ ಬಟ್ಟೆ ನೀರಿನ ಲೋಟವನ್ನೂ ಒರೆಸುತ್ತದೆ. ಪ್ರತಿ ಮಂಚಕ್ಕೆ ಮೂರು ಜೊತೆ ಚಾದರ: ಒಂದು ಹಾಸಿದ್ದು, ಒಂದು ಒಗೆಯಲು ಹೋದದ್ದು, ಒಂದು ಕಪಾಟಿನಲ್ಲಿ. ಎರಡೇ ಜೊತೆ ಇದ್ದಲ್ಲಿ ಜಾತ್ರೆಯ ವಾರ ಹಸಿ ಚಾದರವೇ ಹಾಸಿಗೆ ಏರುತ್ತದೆ, ಇಲ್ಲವೇ ಹಳೆಯದನ್ನೇ ಕೊಡವಿ ಹಾಸುತ್ತಾರೆ.

ಇದಕ್ಕೆ ದೊಡ್ಡ ಸಂಸ್ಥೆಯ ದಾರಿ ಕಾಯಬೇಕಿಲ್ಲ. ಉರುಸು, ಜಾತ್ರೆಗಳ ನಡುವೆ ರೂಮು ಖಾಲಿ ಬಿದ್ದಿರುವ ವಾರಗಳಲ್ಲಿ, ನಾಲ್ಕೈದು ಲಾಡ್ಜ್‌ಗಳ ಮಾಲೀಕರು ಸೇರಿ ಒಬ್ಬ ಅನುಭವಿ ಹೌಸ್‌ಕೀಪಿಂಗ್ ಮೇಲ್ವಿಚಾರಕರನ್ನು ಕರೆಸಿ, ಆ ರೂಮುಗಳಲ್ಲೇ ಕಲಿಸಬಹುದು. ಆ ದಿನಗಳ ಸಂಬಳ ಮಾತ್ರ ಕಡಿಯಬಾರದು.