ಖರಾಬು ಜಮೀನಿನ ಕಪ್ಪೆ

ಪಹಣಿಯಲ್ಲಿ ಖರಾಬು ಎಂದೊಂದು ಕಾಲಂ ಇದೆ. ಬೆಳೆ ತೆಗೆಯಲಾಗದ ಬಂಡೆ, ಹಳ್ಳ, ಪಾಳು ಎಲ್ಲವೂ ಅದರಲ್ಲಿ ಸೇರುತ್ತದೆ. ಕರಾವಳಿಯ ಮುರಕಲ್ಲಿನ, ಅಂದರೆ ಜಂಬಿಟ್ಟಿಗೆಯ, ಹಾಸುಗಳಿಗೆ ನಾವು ಕೊಟ್ಟ ಮರ್ಯಾದೆಯೂ ಅಷ್ಟೇ. ಬೇಸಿಗೆಯಲ್ಲಿ ನೋಡಿದರೆ ಆ ಹೆಸರು ಸರಿ ಎಂದೇ ಅನಿಸುತ್ತದೆ: ಕಪ್ಪುಗಟ್ಟಿದ ಕಲ್ಲು, ಒಣಗಿದ ಹುಲ್ಲು, ಯಾರೋ ಲಾರಿಯಲ್ಲಿ ತಂದು ಸುರಿದ ಕಟ್ಟಡದ ಕಸ. ಜೂನ್ ತಿಂಗಳಲ್ಲಿ ಮಳೆ ಹಿಡಿದ ಮೇಲೆ ಅದೇ ಜಾಗಕ್ಕೆ ಮುಸ್ಸಂಜೆ ಹೋಗಿ ನೋಡಿ. ಕಲ್ಲಿನ ಕುಳಿಕುಳಿಯಲ್ಲೂ ನೀರು ನಿಂತಿರುತ್ತದೆ. ಕತ್ತಲಾಗುತ್ತಿದ್ದಂತೆ ಪಕ್ಕದಲ್ಲಿ ನಿಂತವರ ಮಾತು ಕೇಳದಷ್ಟು ಕಪ್ಪೆಗಳು ಕೂಗುತ್ತವೆ.

ಮಣಿಪಾಲದ ಅಂಥ ಹಾಸಿನಲ್ಲಿ ನಿಸರ್ಗಾಸಕ್ತ ರಮಿತ್ ಸಿಂಗಲ್ ಅವರ ಕಣ್ಣಿಗೆ ಒಂದು ಪುಟ್ಟ ಕಪ್ಪೆ ಬಿತ್ತು. ಮುರಕಲ್ಲಿನ ನೆಲದಲ್ಲಿ ಏನೇನು ಬದುಕಿದೆ ಎಂದು ದಾಖಲಿಸುವ ನಾಗರಿಕ ವಿಜ್ಞಾನದ, ಅಂದರೆ ಜನಸಾಮಾನ್ಯರೇ ಮಾಹಿತಿ ಕಲೆಹಾಕುವ, ಕೆಲಸವನ್ನು ಅವರು ಅಲ್ಲಿ ನಡೆಸುತ್ತಿದ್ದರು. ಕಪ್ಪೆಯ ಉದ್ದ ಸುಮಾರು 1.6 ಸೆಂಟಿಮೀಟರ್, ಅಂದರೆ ಹೆಬ್ಬೆರಳಿನ ಉಗುರಿನಷ್ಟು. ಮೈ ತಿಳಿಕಂದು, ಮೇಲೆ ಕಪ್ಪು ಗುರುತುಗಳು. ಕೂಗು ಮಾತ್ರ ಥೇಟ್ ಚಿಮ್ಮಂಡೆಯದು. ಹುಳವೆಂದುಕೊಂಡು ದಾಟಿ ಹೋಗುವುದು ಸುಲಭ. ಕೆ.ಎಸ್. ಶೇಷಾದ್ರಿ, ಕೆ.ವಿ. ಗುರುರಾಜ ಮೊದಲಾದ ಸಂಶೋಧಕರು ರಮಿತ್ ಜೊತೆಗೂಡಿ ಅದರ ಮೈಕಟ್ಟು, ಕೂಗು, ಡಿಎನ್‌ಎ ಮೂರನ್ನೂ ಪರೀಕ್ಷಿಸಿದರು. 2016ರಲ್ಲಿ ಅದಕ್ಕೆ ಹೊಸ ಪ್ರಭೇದವೆಂಬ ಮಾನ್ಯತೆ ಸಿಕ್ಕಿತು: ಮೈಕ್ರೊಹೈಲಾ ಲ್ಯಾಟರೈಟ್. ಲ್ಯಾಟರೈಟ್ ಅಂದರೆ ಮುರಕಲ್ಲೇ. ಕಪ್ಪೆಯನ್ನು ನೆನೆಯುವವರು ಅದು ಕೂತ ಕಲ್ಲನ್ನೂ ನೆನೆಯುವಂಥ ಹೆಸರು. ಎರಡು ವರ್ಷ ಬಿಟ್ಟು, 2018ರಲ್ಲಿ, ಮಂಗಳೂರಿನ ಕೈಗಾರಿಕಾ ಪ್ರದೇಶದಿಂದ ಅದೇ ಕುಲದ ಇನ್ನೊಂದು ಕಪ್ಪೆ ಹೊರಬಂತು. ಕೊಂಕಣಿಯಲ್ಲಿ ಮಂಗಳೂರಿಗಿರುವ ಕೊಡಿಯಾಲ ಎಂಬ ಹೆಸರೇ ಅದಕ್ಕೂ ಬಂತು.

ಎರಡೂ ಸಿಕ್ಕಿದ್ದು ಅಭಯಾರಣ್ಯದಲ್ಲಲ್ಲ. ನಾಗರಿಕ ವಿಜ್ಞಾನದ ಅಗತ್ಯ ನನಗೆ ಮನದಟ್ಟಾಗುವುದು ಇಲ್ಲೇ. ವಿಜ್ಞಾನಿಗಳು ಎಣಿಕೆಯ ಜನ, ಮಳೆಗಾಲ ಎಲ್ಲೆಡೆ ಒಟ್ಟಿಗೇ ಬರುತ್ತದೆ. ಕೆಲವು ಕಪ್ಪೆಗಳು ವರ್ಷಕ್ಕೆ ಕೆಲವೇ ವಾರ ಕೂಗಿ ಸುಮ್ಮನಾಗಿಬಿಡುತ್ತವೆ. ಆ ವಾರಗಳಲ್ಲಿ ಪ್ರತಿ ಗದ್ದೆಬದುವಿನಲ್ಲೂ ಇರಬಲ್ಲವರು ಆ ಊರಿನವರು ಮಾತ್ರ.

ಕಪ್ಪೆಯನ್ನು ಹಿಡಿಯುವ ಅಗತ್ಯವೂ ಇಲ್ಲ. ಕೂಗುವುದು ಬಹುಮಟ್ಟಿಗೆ ಗಂಡು. ಬಾಯಿ, ಮೂಗು ಮುಚ್ಚಿಕೊಂಡು, ಶ್ವಾಸಕೋಶದ ಗಾಳಿಯನ್ನು ಧ್ವನಿಪೆಟ್ಟಿಗೆಯ ಮೂಲಕ ಗಂಟಲಿನ ಚೀಲಕ್ಕೆ ತಳ್ಳುತ್ತದೆ, ಹಿಂದಕ್ಕೆಳೆದುಕೊಳ್ಳುತ್ತದೆ. ಚೀಲ ಉಬ್ಬಿ ದನಿ ದೂರ ಹೋಗುತ್ತದೆ. ಒಂದೇ ಹೊಂಡದಲ್ಲಿ ನಾಲ್ಕಾರು ಬಗೆಯ ಕಪ್ಪೆಗಳಿದ್ದರೂ ಹೆಣ್ಣು ತನ್ನ ಜಾತಿಯ ಗಂಡನ್ನೇ ಗುರುತಿಸಬೇಕಲ್ಲ? ಹಾಗಾಗಿ ಪ್ರತಿ ಪ್ರಭೇದದ ಸ್ವರವೂ ಲಯವೂ ಬೇರೆ. ಹೆಣ್ಣುಕಪ್ಪೆಗೆ ನೆರವಾಗುವ ಆ ವ್ಯತ್ಯಾಸವೇ ಮೊಬೈಲ್ ಹಿಡಿದು ನಿಂತ ನಮಗೂ ನೆರವಾಗುತ್ತದೆ.

ಆಸ್ಟ್ರೇಲಿಯನ್ ಮ್ಯೂಸಿಯಂ 2017ರ ನವೆಂಬರಿನಲ್ಲಿ ಆರಂಭಿಸಿದ ಮೊಬೈಲ್ ಆ್ಯಪ್ ಫ್ರಾಗ್‌ಐಡಿ ನಿಂತಿರುವುದು ಈ ಒಂದೇ ಸತ್ಯದ ಮೇಲೆ. ಜನ ಒಂದು ನಿಮಿಷದೊಳಗಿನ ಧ್ವನಿಮುದ್ರಣ ಕಳಿಸುತ್ತಾರೆ. ಸ್ಥಳ, ಸಮಯ ತಾನಾಗಿ ಸೇರುತ್ತದೆ. ಯಾವ ಕಪ್ಪೆ ಎಂದು ತಜ್ಞರು ಕಿವಿಗೊಟ್ಟು ಕೇಳಿ ನಿರ್ಧರಿಸುತ್ತಾರೆ. 2019-20ರ ಭೀಕರ ಕಾಳ್ಗಿಚ್ಚಿನ ನಂತರ ಸುಟ್ಟ ಕಾಡುಗಳಲ್ಲಿ ಯಾವ ಕಪ್ಪೆ ಉಳಿದಿದೆ ಎಂಬ ಪ್ರಶ್ನೆಗೆ ಮೊದಲ ಉತ್ತರಗಳು ಬಂದದ್ದೂ ಈ ದನಿಗಳಿಂದಲೇ. 2021ರ ಚಳಿಗಾಲದಲ್ಲಿ ಪೂರ್ವ ಆಸ್ಟ್ರೇಲಿಯಾದಲ್ಲಿ ಕಪ್ಪೆಗಳು ಸಾಲುಸಾಲಾಗಿ ಸಾಯತೊಡಗಿದವು. ಲಾಕ್‌ಡೌನ್‌ನಿಂದಾಗಿ ಸಿಡ್ನಿಯ ವಿಜ್ಞಾನಿಗಳು ಓಡಾಡುವಂತಿರಲಿಲ್ಲ. ಜನರೇ ಸಾವಿರಕ್ಕೂ ಹೆಚ್ಚು ವರದಿ ಕಳಿಸಿದರು, ಸತ್ತ ಕಪ್ಪೆಗಳನ್ನು ಮನೆಯ ಫ್ರೀಜರಿನಲ್ಲಿಟ್ಟು ಕಾದರು. ಅಪರಿಚಿತ ಜೀವಿಯೊಂದರ ಸಾವಿನ ಕಾರಣ ತಿಳಿಯಲೆಂದು ಐಸ್‌ಕ್ರೀಮಿನ ಪಕ್ಕ ಜಾಗ ಬಿಟ್ಟುಕೊಟ್ಟ ಆ ಕುಟುಂಬಗಳ ಬಗ್ಗೆ ನನಗೆ ಅಪಾರ ಗೌರವ.

ನಮ್ಮಲ್ಲಿ ಇಂಡಿಯಾ ಬಯೋಡೈವರ್ಸಿಟಿ ಪೋರ್ಟಲ್, ಐನ್ಯಾಚುರಲಿಸ್ಟ್ ತಾಣಗಳಿಗೆ ಯಾರು ಬೇಕಾದರೂ ದಾಖಲೆ ಸೇರಿಸಬಹುದು. ಪಶ್ಚಿಮ ಘಟ್ಟದ ಮಲಬಾರ್ ಮರಗಪ್ಪೆ ಎಲ್ಲೆಲ್ಲಿದೆ ಎಂದು ತಿಳಿಯಲು ಜನರನ್ನೇ ಕರೆದ ಯೋಜನೆಯೂ ನಡೆದಿದೆ. ಹೊಸಬರಿಗೆ ನನ್ನ ಸಲಹೆ ಇಷ್ಟೇ: ಹತ್ತು ಜಾಗ ಸುತ್ತಬೇಡಿ. ಮನೆ ಹತ್ತಿರದ ಒಂದೇ ಹೊಂಡ ಆರಿಸಿಕೊಳ್ಳಿ, ವಾರಕ್ಕೊಮ್ಮೆ ಅದೇ ಹೊತ್ತಿಗೆ ಹೋಗಿ, ಟಾರ್ಚ್ ಆರಿಸಿ ಒಂದು ನಿಮಿಷ ಧ್ವನಿ ಮುದ್ರಿಸಿ. ಒಂದೂ ಕೂಗದಿದ್ದರೆ ಅದನ್ನೂ ಬರೆದಿಡಿ, ಆ ಮೌನವೂ ಮಾಹಿತಿಯೇ. ಸೊಳ್ಳೆಗೆ ಹಚ್ಚಿದ ಮುಲಾಮಿನ ಕೈಯಲ್ಲಿ ಕಪ್ಪೆಯನ್ನಾಗಲೀ ನೀರನ್ನಾಗಲೀ ಮುಟ್ಟಬೇಡಿ. ಕಪ್ಪೆ ನೀರು ಕುಡಿಯುವುದು ಚರ್ಮದಿಂದ, ಉಸಿರಾಡುವುದೂ ಭಾಗಶಃ ಚರ್ಮದಿಂದಲೇ. ಮೈಗೆ ತಾಗಿದ್ದು ನೇರ ಒಳಗೆ ಹೋಗುತ್ತದೆ.

ಈ ದಾಖಲೆಗಳಿಂದ ಏನಾಗುತ್ತದೆ ಎಂದು ಕೇಳುವವರಿಗೆ ಕಾಗದದ ಮೇಲಿನ ಸ್ಥಿತಿಯನ್ನೇ ತೋರಿಸಬೇಕು. 2017ರ ಜೌಗುಭೂಮಿ ನಿಯಮಗಳ ವ್ಯಾಖ್ಯೆಯಿಂದ ಭತ್ತದ ಗದ್ದೆಗಳು ಹೊರಗಿವೆ. ಮುರಕಲ್ಲಿನ ಕುಳಿಯಂತೂ ಎಂಟು ತಿಂಗಳು ನೀರೇ ಇಲ್ಲದ ಜಾಗ, ಅದನ್ನು ಜೌಗು ಎಂದು ಯಾರು ಒಪ್ಪುತ್ತಾರೆ? ಕಲ್ಲು ಕಡಿದ ಕ್ವಾರಿಯಲ್ಲಿ ವರ್ಷವಿಡೀ ನೀರಿರುತ್ತದೆ, ಕಪ್ಪೆಗೆ ಅದೇ ಒಳ್ಳೆಯದಲ್ಲವೇ ಎಂಬ ವಾದವೂ ಇದೆ. ಅಲ್ಲ. ಬತ್ತುವುದೇ ಆ ಕುಳಿಯ ಗುಣ. ಬತ್ತುವ ನೀರಿನಲ್ಲಿ ಮೀನು ನಿಲ್ಲುವುದಿಲ್ಲ, ಗೊದಮೊಟ್ಟೆಗಳನ್ನು ತಿನ್ನುವ ಬಾಯಿಗಳು ಕಡಿಮೆ. ಆಳವಿಲ್ಲದ ನೀರು ಬಿಸಿಲಿಗೆ ಬೇಗ ಬೆಚ್ಚಗಾಗಿ ಪಾಚಿ ಹಬ್ಬುತ್ತದೆ, ಅದನ್ನು ತಿಂದು ಮರಿಗಳು ಬೇಗ ಬೆಳೆಯುತ್ತವೆ. ಕುಳಿ ಒಣಗುವುದರೊಳಗೆ ಕಾಲು ಮೂಡಿ, ಬಾಲ ಕರಗಿ, ಕಲ್ಲಿನ ಸಂದಿಗೆ ಸೇರಿಕೊಳ್ಳುತ್ತವೆ. ಫೆಬ್ರವರಿಯಲ್ಲಿ ಜಾಗ ನೋಡಲು ಬಂದವರಿಗೆ ಇದೊಂದೂ ಕಾಣುವುದಿಲ್ಲ. ಅವರ ಮುಂದಿಡಲು ಜೂನ್ ತಿಂಗಳ ಒಂದು ಧ್ವನಿಮುದ್ರಣ ಬೇಕು, ಮೇಲೆ ತಾರೀಕು, ಗಂಟೆ, ಸರ್ವೆ ನಂಬರು ಬರೆದದ್ದು.